ಬರದ ಸೀಮೆಯಲ್ಲಿ ತೆಂಗು

ಬೇಸಗೆಯಲ್ಲಿ ಹೊಸದುರ್ಗದಿಂದ ಶ್ರೀರಾಂಪುರದ ಕಡೆಗೆ ಹೊರಟವರಿಗೆ ಒಂದು ವಿಚಿತ್ರವಾದ ನೋಟ ಕಾಣುತ್ತದೆ. ದಾರಿಯ ಎರಡು ಕಡೆಗೂ ಕೆಂಪು ಕಲ್ಲುನೆಲ, ರಾಗಿಯನ್ನೋ ಹುರುಳಿಯನ್ನೋ ಕೊಯ್ದು ಬಿಟ್ಟ ಹೊಲ, ಅಲ್ಲೊಂದು ಇಲ್ಲೊಂದು ಜಾಲಿಯ ಗಿಡ, ಬಿರುಕುಬಿಟ್ಟ ಕೆರೆಯಂಗಳ. ಇವುಗಳ ನಡುವೆ ಇದ್ದಕ್ಕಿದ್ದಂತೆ ಹಸುರಾದ ತೆಂಗಿನ ತೋಟವೊಂದು ಎದ್ದು ನಿಲ್ಲುತ್ತದೆ. ಹೊಸಬರು ಇದನ್ನು ನೋಡಿ, ಇಲ್ಲಿ ಎಲ್ಲಿಯೋ ಹೊಳೆ ಹರಿಯುತ್ತಿರಬೇಕು ಎಂದುಕೊಳ್ಳುವುದುಂಟು. ಹೊಳೆಯೂ ಇಲ್ಲ, ಕಾಲುವೆಯೂ ಇಲ್ಲ. ಸಮುದ್ರದ ದಂಡೆಯ ಮರವೊಂದು ಮಳೆ ಸಾಲದ ಈ ಸೀಮೆಗೆ ಬಂದು ನೆಲಸಿ ತಲೆಮಾರುಗಳಿಂದ ಮನೆತನಗಳನ್ನು ಸಾಕುತ್ತಿದೆ. ಅದು ಹೇಗೆ ಸಾಧ್ಯವಾಯಿತು, ಇನ್ನು ಮುಂದೆಯೂ ಸಾಧ್ಯವಾದೀತೆ ಎಂಬುದನ್ನು ಕುರಿತು ನಾಲ್ಕು ಮಾತು ಹೇಳಬೇಕೆಂದಿದ್ದೇನೆ.

ಮೊದಲು ಈ ಮರದ ಕುಲಗೋತ್ರವನ್ನು ವಿಚಾರಿಸೋಣ. ನಾನು ಕನ್ನಡ ಮೇಷ್ಟ್ರು; ಕೃಷಿಪಂಡಿತನಲ್ಲ. ಆದರೆ ಈ ಮರದ ಗುಟ್ಟು ನನಗೆ ಮೊದಲು ಹೊಳೆದದ್ದು ತೋಟದಲ್ಲಲ್ಲ, ಅಮರಕೋಶದಲ್ಲಿ. ಅಮರಸಿಂಹನು ತಾಳೆ, ತೆಂಗು, ಅಡಿಕೆ, ಖರ್ಜೂರ, ಕೇದಗೆ ಮುಂತಾದುವನ್ನು ಒಟ್ಟಿಗೆ ಸೇರಿಸಿ ಅವುಗಳಿಗೆ ‘ತೃಣದ್ರುಮ’ ಎಂದು ಹೆಸರಿಟ್ಟಿದ್ದಾನೆ. ತೃಣವೆಂದರೆ ಹುಲ್ಲು, ದ್ರುಮವೆಂದರೆ ಮರ. ಹುಲ್ಲುಮರ ಎಂದು ಅರ್ಥ. ವಿದ್ಯಾರ್ಥಿಯಾಗಿದ್ದಾಗ ಇದನ್ನು ಬಾಯಿಪಾಠ ಮಾಡಿದೆನೇ ಹೊರತು, ಅರವತ್ತು ಅಡಿ ಎತ್ತರದ ಮರವನ್ನು ಹುಲ್ಲು ಎಂದು ಏಕೆ ಕರೆದರು ಎಂದು ಯೋಚಿಸಲಿಲ್ಲ. ಸಸ್ಯಶಾಸ್ತ್ರವೂ ಇದನ್ನೇ ಹೇಳುತ್ತದೆ. ತೆಂಗು ಏಕದಳ ಸಸ್ಯ. ಜೋಳ, ರಾಗಿ, ಕಬ್ಬು ಇವುಗಳಿಗೆ ದೂರದ ನಂಟ. ಬೇವು, ಹುಣಿಸೆ, ಮಾವುಗಳಂತೆ ಇದಕ್ಕೆ ನೆಲದಾಳಕ್ಕೆ ಇಳಿಯುವ ತಾಯಿಬೇರು ಇಲ್ಲ. ಕಾಂಡದ ಬುಡದಿಂದ ಹಗ್ಗದಂಥ ಬೇರುಗಳು ಸಾವಿರಾರು ಹೊರಟು ಸುತ್ತಲೂ ಹರಡಿಕೊಳ್ಳುತ್ತವೆ. ಕಾಂಡಕ್ಕೆ ವರ್ಷವರ್ಷವೂ ದಪ್ಪವಾಗುವ ಶಕ್ತಿಯಿಲ್ಲ. ಗಾಯವಾದರೆ ತೊಗಟೆ ಬೆಳೆದು ಮುಚ್ಚುವುದಿಲ್ಲ. ಕೊಂಬೆ ಕಡಿದರೆ ಇನ್ನೊಂದು ಚಿಗುರುವ ಭಾಗ್ಯವೂ ಇದಕ್ಕಿಲ್ಲ. ಇರುವುದು ಒಂದೇ ಸುಳಿ. ಅದು ಸತ್ತರೆ ಮರ ಸತ್ತಂತೆಯೇ.

ತಾಯಿಬೇರಿಲ್ಲ ಎಂಬ ಈ ಒಂದು ಮಾತಿನಿಂದ ಬಯಲುಸೀಮೆಯ ತೆಂಗಿನ ಬೇಸಾಯವೆಲ್ಲ ಹುಟ್ಟುತ್ತದೆ. ಕಾಸರಗೋಡಿನಲ್ಲಿ ೧೯೧೬ರಲ್ಲಿ ಆರಂಭವಾಗಿ, ೧೯೭೦ರಲ್ಲಿ ಕೇಂದ್ರೀಯ ತೋಟದ ಬೆಳೆಗಳ ಸಂಶೋಧನಾ ಸಂಸ್ಥೆಯಾಗಿ ಬೆಳೆದ ಕೇಂದ್ರದವರು ತೆಂಗಿನ ಬೇರುಗಳನ್ನು ಅಗೆದು ಅಳೆದು ನೋಡಿದ್ದಾರೆ. ಬೇರುಗಳಲ್ಲಿ ಹೆಚ್ಚಿನ ಪಾಲು ಬುಡದಿಂದ ಎರಡು ಮೀಟರಿನೊಳಗೇ ಇರುತ್ತವೆ. ಆಳದಲ್ಲಿ ಒಂದು ಅಡಿಯಿಂದ ನಾಲ್ಕು ಅಡಿಯವರೆಗಿನ ಪದರದಲ್ಲಿ ಇರುತ್ತವೆ. ಹುಣಿಸೆಯ ಮರಕ್ಕೆ ಮೂವತ್ತು ಅಡಿ ಕೆಳಗಿನ ತೇವ ಸಿಕ್ಕಬಹುದು, ತೆಂಗಿಗೆ ಸಿಕ್ಕದು. ಅದರ ಉಗ್ರಾಣ ಏನಿದ್ದರೂ ಬುಡದ ಸುತ್ತಲಿನ ಆರು ಅಡಿ ಅಗಲ, ನಾಲ್ಕು ಅಡಿ ಆಳದ ಮಣ್ಣು. ಆ ಮಣ್ಣಿನಲ್ಲಿ ತೇವವನ್ನು ಹಿಡಿದು ನಿಲ್ಲಿಸುವವನಿಗೆ ತೆಂಗು ಒಲಿಯುತ್ತದೆ. ನೀರನ್ನು ಕಾಂಡಕ್ಕೆ ಸುರಿಯುವವನ ಶ್ರಮ ಅರ್ಧಕ್ಕರ್ಧ ದಂಡ.

ಈಗ ನಮ್ಮ ಸೀಮೆಯ ಹವೆಯನ್ನು ನೋಡೋಣ. ತೆಂಗಿಗೆ ಒಪ್ಪುವ ನೆಲವೆಂದು ಶಾಸ್ತ್ರಗ್ರಂಥಗಳು ಹೇಳುವುದು ಕಡಲಂಚಿನ ಮರಳುಮಣ್ಣನ್ನು. ವರ್ಷದುದ್ದಕ್ಕೂ ಹಂಚಿ ಬೀಳುವ ಸುಮಾರು ೨೦೦೦ ಮಿಲಿಮೀಟರ್ ಮಳೆ, ೨೭ ಡಿಗ್ರಿಯ ಆಸುಪಾಸಿನ ಶಾಖ, ಗಾಳಿಯಲ್ಲಿ ಸದಾ ತೇವ—ಇಷ್ಟಿದ್ದರೆ ಮರ ಸುಖವಾಗಿರುತ್ತದೆ. ಚಿತ್ರದುರ್ಗ ಜಿಲ್ಲೆಯಲ್ಲಿ ವರ್ಷದ ಸರಾಸರಿ ಮಳೆ ೬೦೦ ಮಿಲಿಮೀಟರಿನ ಸುತ್ತಮುತ್ತ. ಅದೂ ಹಂಚಿ ಬೀಳುವುದಿಲ್ಲ. ರೋಹಿಣಿ ಮೃಗಶಿರಗಳು ಆಸೆ ತೋರಿಸುತ್ತವೆ. ಆಷಾಢದಲ್ಲಿ ಗಾಳಿ ಮೋಡವನ್ನು ಹೊಡೆದುಕೊಂಡು ಹೋಗುತ್ತದೆ. ಉತ್ತರೆ, ಹಸ್ತ, ಚಿತ್ತೆಗಳು ಕೈಹಿಡಿದರೆ ಉಂಟು, ಇಲ್ಲವಾದರೆ ಇಲ್ಲ. ನೆಲ ಸಮುದ್ರಮಟ್ಟದಿಂದ ೭೦೦ ಮೀಟರಿಗೂ ಮೇಲೆ. ಗಾಳಿಯ ಬಿರುಸನ್ನು ಹೇಳಬೇಕಾಗಿಯೇ ಇಲ್ಲ. ಚಿತ್ರದುರ್ಗದ ಬೆಟ್ಟಸಾಲುಗಳ ಮೇಲೆ ತಿರುಗುವ ಗಾಳಿಯಂತ್ರಗಳೇ ಸಾಕ್ಷಿ. ಆ ಗಾಳಿ ವಿದ್ಯುತ್ತನ್ನು ಕೊಡುತ್ತದೆ. ಗರಿಯ ತೇವವನ್ನು ಹೀರಿಕೊಂಡೂ ಹೋಗುತ್ತದೆ.

ಹೀಗಿದ್ದರೂ ನಮ್ಮ ಹಿರಿಯರು ತೆಂಗನ್ನೇ ಹಿಡಿದರು. ಅದಕ್ಕೆ ಕಾರಣಗಳುಂಟು. ಒಣ ಹವೆಯಿಂದ ತೆಂಗಿಗೆ ಕಷ್ಟವಾದರೂ ಅದರ ಕೊಬ್ಬರಿಗೆ ಉಪಕಾರವೇ ಆಗುತ್ತದೆ. ಬಲಿತ ಕಾಯನ್ನು ಸುಲಿಯದೆ ಅಟ್ಟಕ್ಕೆ ಹಾಕಿ ಹತ್ತು ಹನ್ನೆರಡು ತಿಂಗಳು ಬಿಟ್ಟರೆ ಒಳಗಿನ ನೀರು ಆರಿ, ಕಾಯಿ ಕರಟದಿಂದ ಬಿಟ್ಟು, ಅಲುಗಿಸಿದರೆ ಗಡಗಡನೆ ಸದ್ದು ಮಾಡುತ್ತದೆ. ಇದೇ ಉಂಡೆ ಕೊಬ್ಬರಿ. ಕರಾವಳಿಯ ತೇವದ ಹವೆಯಲ್ಲಿ ಇದನ್ನು ಮಾಡುವುದು ಕಷ್ಟ. ಅಲ್ಲಿಯವರು ಕಾಯನ್ನು ಒಡೆದು ಒಣಗಿಸುತ್ತಾರೆ. ತಿಪಟೂರು ಅರಸೀಕೆರೆಗಳ ಕೊಬ್ಬರಿ ಪೇಟೆಗಳು ಬೆಳೆದದ್ದು ಈ ಒಣ ಹವೆಯ ಬಲದಿಂದಲೇ. ಅಡಿಕೆಯ ತೋಟಗಳನ್ನು ಮಲೆನಾಡಿನಲ್ಲಿ ಕಾಡುವ ಕೊಳೆರೋಗವೂ ಇಲ್ಲಿ ಅಷ್ಟಾಗಿ ಇಲ್ಲ. ಅದು ಎಡೆಬಿಡದ ಮಳೆಯ ರೋಗ. ಒಂದು ಕೈಯಲ್ಲಿ ಕಿತ್ತುಕೊಂಡ ಪ್ರಕೃತಿ ಇನ್ನೊಂದು ಕೈಯಲ್ಲಿ ಸ್ವಲ್ಪ ಕೊಟ್ಟಿದೆ.

ನೀರಿನ ಆಸೆ ನಮ್ಮ ಜಿಲ್ಲೆಗೆ ಹೊಸದಲ್ಲ. ಬಾಬಾಬುಡನ್ ಗಿರಿಯ ಕಡೆಯಿಂದ ಇಳಿದು ಬರುವ ವೇದಾವತಿಗೆ ಹಿರಿಯೂರಿನ ಬಳಿ ಮಾರಿಕಣಿವೆಯಲ್ಲಿ ಅಂದಿನ ಮೈಸೂರು ಸರ್ಕಾರ ಕಟ್ಟೆ ಕಟ್ಟಿತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ೧೮೯೮ರಲ್ಲಿ ಆರಂಭವಾದ ಕೆಲಸ ೧೯೦೭ರಲ್ಲಿ ಮುಗಿಯಿತು. ವಾಣಿವಿಲಾಸ ಸಾಗರವೆಂದು ಅದಕ್ಕೆ ಹೆಸರಾಯಿತು. ಅದರ ಅಚ್ಚುಕಟ್ಟಿನಲ್ಲಿ ತೆಂಗಿನ ತೋಟಗಳು ಬೆಳೆದುವು. ಆದರೆ ಆ ಸಾಗರ ಕೋಡಿ ಬಿದ್ದದ್ದು ಎಷ್ಟು ಸಲ ಎಂಬುದನ್ನು ನೆನಪಿಡಬೇಕು. ೧೯೩೩ರಲ್ಲಿ ಒಮ್ಮೆ ತುಂಬಿ ಹರಿಯಿತು. ಆಮೇಲೆ ತುಂಬಿ ಹರಿದದ್ದು ೨೦೨೨ರಲ್ಲಿ, ಎಂಬತ್ತೊಂಬತ್ತು ವರ್ಷಗಳ ಬಳಿಕ. ಈ ನಡುವಣ ಕಾಲದಲ್ಲಿ ನೆಟ್ಟ ತೆಂಗು ಹುಟ್ಟಿ, ಬೆಳೆದು, ಮುಪ್ಪಾಗಿ ಹೋಗಬಹುದು! ೨೦೧೬ರಿಂದ ಮುಂದಿನ ಬರದ ವರ್ಷಗಳಲ್ಲಿ ಸಾಗರದ ನೀರು ತಳ ಕಂಡಾಗ, ಅದನ್ನೇ ನೆಚ್ಚಿದ್ದ ಹಿರಿಯೂರಿನ ತೋಟಗಳು ಒಣಗಿ, ಬೋಳು ಕಂಬಗಳಂತೆ ನಿಂತ ಮರಗಳನ್ನು ಕಡಿಸಿದವರು ಅನೇಕರು. ಈಗ ಭದ್ರಾ ಮೇಲ್ದಂಡೆಯ ನೀರಿನ ಆಸರೆಯೂ ಸೇರಿ ೨೦೨೫ರ ಜನವರಿಯಲ್ಲಿ ಮತ್ತೊಮ್ಮೆ ಕೋಡಿ ಬಿದ್ದಿತು. ಕಂಡವರಿಗೆಲ್ಲ ಸಂತೋಷ. ಆದರೆ ಕೋಡಿಯ ನೀರನ್ನು ಕಂಡ ಸಂಭ್ರಮದಲ್ಲಿ ನೆಡುವ ಸಸಿ ಅರವತ್ತು ವರ್ಷ ಬದುಕಬೇಕಾದುದು. ಒಂದು ವರ್ಷದ ನೀರಿಗೆ ಅರವತ್ತು ವರ್ಷದ ಮರವನ್ನು ಗಂಟುಹಾಕುವುದು ಜಾಣತನವಲ್ಲ.

ಇಲ್ಲಿ ನನ್ನ ಸ್ವಂತ ಕಥೆಯನ್ನು ಸ್ವಲ್ಪ ಹೇಳದೆ ಗತಿಯಿಲ್ಲ; ಏಕೆಂದರೆ ಆ ಜಾಣತನ ನನಗೂ ಇರಲಿಲ್ಲ.

ನಮ್ಮ ತಂದೆಯವರು ಶ್ರೀರಾಂಪುರದ ಸೀಮೆಯಲ್ಲಿ ನಲವತ್ತು ತೆಂಗಿನ ಸಸಿ ನೆಟ್ಟಾಗ ನಾನಿನ್ನೂ ಪ್ರಾಥಮಿಕ ಶಾಲೆಯ ಹುಡುಗ. ಕೊಳವೆಬಾವಿ ಇರಲಿಲ್ಲ. ಬೇಸಗೆಯಲ್ಲಿ ಸೇದುವ ಬಾವಿಯಿಂದ ಬಿಂದಿಗೆಯಲ್ಲಿ ನೀರು ಹೊತ್ತು ಸಸಿಗೊಂದು ಬಿಂದಿಗೆಯಂತೆ ಹೊಯ್ಯುವುದು ಮಕ್ಕಳ ಕೆಲಸ. ಸಸಿಯ ಪಕ್ಕದಲ್ಲಿ ತಳಕ್ಕೆ ತೂತು ಮಾಡಿ ಬತ್ತಿ ತುರುಕಿದ ಮಡಕೆಯೊಂದನ್ನು ಹೂತಿರುತ್ತಿದ್ದರು. ನೀರನ್ನು ಅದರೊಳಕ್ಕೆ ತುಂಬಿ ಬಾಯಿಗೆ ಹಂಚು ಮುಚ್ಚಬೇಕು. ಪಡುವಣ ಬಿಸಿಲು ತಾಗದಂತೆ ಸೋಗೆಯ ಮರೆ ಕಟ್ಟಬೇಕು. ಬೇಸಗೆ ಮುಗಿಯುವುದರೊಳಗೆ ಬತ್ತಿದ ಕೆರೆಯಿಂದ ಗಾಡಿಯಲ್ಲಿ ಗೋಡುಮಣ್ಣು ಹೊಡೆದು ಪಾತಿಗೆ ಹಾಕಬೇಕು. ಇದನ್ನೆಲ್ಲ ಅವರು ಯಾವ ಪುಸ್ತಕವನ್ನೂ ನೋಡಿ ಮಾಡಿದವರಲ್ಲ. ನಲವತ್ತೂ ಬದುಕಿದುವು. ನನ್ನ ಓದಿಗೆ, ತಂಗಿಯರ ಮದುವೆಗೆ ಆ ಮರಗಳೇ ಒದಗಿದುವು.

೨೦೧೧ರಲ್ಲಿ ನಾನು ಕೊಳವೆಬಾವಿ ಕೊರೆಸಿದೆ. ನಾನೂರೈವತ್ತು ಅಡಿಗೆ ನೀರು ಬಂದಿತು. ಸುತ್ತಮುತ್ತಲಿನವರೆಲ್ಲ ಅಡಿಕೆ ಹಾಕುತ್ತಿದ್ದರು; ಭೀಮಸಮುದ್ರದ ಪೇಟೆಯ ಧಾರಣೆ ಎಲ್ಲರ ಬಾಯಲ್ಲೂ ಇತ್ತು. ನಾನೂ ಅರ್ಧ ಎಕರೆಯಲ್ಲಿ ಇನ್ನೂರೈವತ್ತು ಅಡಿಕೆ ಸಸಿ ನೆಟ್ಟೆ. ತಂದೆಯವರು ಒಂದೇ ಮಾತು ಹೇಳಿದರು: “ಅಡಿಕೆ ಬ್ಯಾಡ ಕಣಪ್ಪ. ಅದು ದಿನಾ ಕೇಳ್ತದೆ. ತೆಂಗಾದರೆ ಕಾಯ್ತದೆ.” ಮುದುಕರ ಮಾತು ಎಂದು ನಾನು ನಕ್ಕೆ.

೨೦೧೭ರಲ್ಲಿ ಬಾವಿ ಬತ್ತಿತು. ಎಂಟುನೂರು ಅಡಿಗೆ ಇನ್ನೊಂದನ್ನು ಕೊರೆಸಿದೆ. ಬರಿಯ ದೂಳು ಬಂದಿತು. ಆಗ ಟ್ಯಾಂಕರಿನ ನೀರು ಕೊಂಡೆ. ಒಂದು ಟ್ಯಾಂಕರಿನಲ್ಲಿ ಐದು ಸಾವಿರ ಲೀಟರು. ಅಡಿಕೆಗೆ ಹಾಕಿದರೆ ಒಂದು ದಿನಕ್ಕೆ ಸರಿಯಾಯಿತು. ತೆಂಗಿಗೆ ಹಾಕಿದರೆ ಎರಡು ದಿನಕ್ಕೆ ಬರುತ್ತಿತ್ತು. ಯಾವುದಕ್ಕೆ ಹಾಕಬೇಕು? ಅಡಿಕೆಗೆ ಆಗಷ್ಟೇ ಫಸಲು ಶುರುವಾಗಿತ್ತು. ಅದಕ್ಕೆ ಮಾಡಿದ ಸಾಲ ತೀರಿರಲಿಲ್ಲ. ತೆಂಗು ಹೇಗೂ ತಡೆಯುತ್ತದೆ ಎಂದು ಅದನ್ನು ಬಿಟ್ಟು ಅಡಿಕೆಗೇ ಹಾಕಿದೆ. ೨೦೧೮ರ ಬೇಸಗೆಯಲ್ಲಿ ಟ್ಯಾಂಕರಿಗೆ ಕೊಡುವ ಹಣವೂ ಮುಗಿಯಿತು. ಅಡಿಕೆ ಒಂದೂ ಉಳಿಯಲಿಲ್ಲ. ತೆಂಗಿನಲ್ಲಿ ಹದಿನಾಲ್ಕು ಮರ ಸುಳಿ ಬಿದ್ದು ಹೋದುವು. ತಂದೆಯವರು ಆಗ ಹಾಸಿಗೆ ಹಿಡಿದಿದ್ದರು. ಎಷ್ಟು ಮರ ಹೋಯಿತು ಎಂದು ಅವರು ಕೇಳಲಿಲ್ಲ. ಎಷ್ಟು ಉಳಿದಿವೆ ಎಂದು ಕೇಳಿದರು. ಇಪ್ಪತ್ತಾರು ಎಂದೆ. “ಅವನ್ನ ಕಾಯ್ಕೊ” ಎಂದರು.

ಉಳಿದ ಇಪ್ಪತ್ತಾರು ಮರಗಳು ನನಗೆ ಇನ್ನೊಂದು ಪಾಠ ಕಲಿಸಿದುವು. ೨೦೧೯ರ ಹಿಂಗಾರಿನಲ್ಲಿ ಒಳ್ಳೆಯ ಮಳೆಯಾಯಿತು. ಗರಿಗಳು ಹಸುರಾದುವು. ಆದರೆ ೨೦೨೦ರಲ್ಲಿ ಕಾಯಿಲ್ಲ; ೨೦೨೧ರಲ್ಲಿಯೂ ಗೊನೆಗೆ ನಾಲ್ಕೈದು ಕಾಯಿ. ಮಳೆ ಬಂದಿದೆ, ಗೊಬ್ಬರ ಹಾಕಿದ್ದೇನೆ, ಮರಕ್ಕೆ ಏನು ಕೇಡು ಎಂದು ಬೇಸರಪಟ್ಟೆ. ಕಡಿಸಿಬಿಡುವ ಯೋಚನೆಯೂ ಬಂದಿತ್ತು. ಆಮೇಲೆ ತಿಳಿದವರಿಂದ ಕೇಳಿ, ಓದಿ, ನಿಜಸ್ಥಿತಿಯನ್ನು ಅರಿತೆ. ನೀವೂ ಇದನ್ನು ಗಮನವಿಟ್ಟು ಕೇಳಬೇಕು.

ತೆಂಗು ಸುಮಾರು ತಿಂಗಳಿಗೊಂದು ಗರಿ ಬಿಡುತ್ತದೆ; ವರ್ಷಕ್ಕೆ ಹನ್ನೆರಡು. ಒಂದೊಂದು ಗರಿಯ ಕಂಕುಳಲ್ಲಿಯೂ ಒಂದೊಂದು ಹೊಂಬಾಳೆ. ನಾವು ಕಣ್ಣಿಗೆ ಕಂಡ ದಿನ ಆ ಹೊಂಬಾಳೆ ಹುಟ್ಟಿತು ಎಂದುಕೊಳ್ಳುತ್ತೇವೆ. ಹಾಗಲ್ಲ. ಅದರ ಮೊಳಕೆ ಸುಳಿಯ ಒಳಗೆ ಮೂಡಿ ಹೊರಗೆ ಬಿರಿಯುವವರೆಗೆ ಸುಮಾರು ೩೨ ತಿಂಗಳು ಹಿಡಿಯುತ್ತದೆ. ಬಿರಿದ ಮೇಲೆ ಕಾಯಿ ಬಲಿಯಲು ಇನ್ನು ೧೨ ತಿಂಗಳು. ಒಟ್ಟು ೪೪ ತಿಂಗಳು, ಅಂದರೆ ಮೂರು ವರ್ಷ ಎಂಟು ತಿಂಗಳು. ಈ ಕಾಲದಲ್ಲಿ ಯಾವಾಗ ಬರ ಬಿದ್ದರೂ ಆ ಗೊನೆಗೆ ಪೆಟ್ಟು. ಮೊಳಕೆಯಲ್ಲಿ ಬಿದ್ದರೆ ಹೊಂಬಾಳೆಯೇ ಇಂಗಿಹೋಗುತ್ತದೆ. ಹೆಣ್ಣುಹೂ ಮೂಡುವ ಹೊತ್ತಿಗೆ ಬಿದ್ದರೆ ಹೂ ಕಡಿಮೆಯಾಗುತ್ತದೆ. ಬಿರಿದ ಮೇಲೆ ಬಿದ್ದರೆ ಹರಳು ಉದುರುತ್ತದೆ. ಆದ್ದರಿಂದ ಈ ವರ್ಷದ ಬರವನ್ನು ತೆಂಗು ಈ ವರ್ಷವೇ ಪೂರ್ತಿಯಾಗಿ ತೋರಿಸುವುದಿಲ್ಲ. ಮುಂದಿನ ವರ್ಷ, ಅದರ ಮುಂದಿನ ವರ್ಷ ತೋರಿಸುತ್ತದೆ. ಹಾಗೆಯೇ ಈ ವರ್ಷ ಮಾಡಿದ ಉಪಚಾರಕ್ಕೂ ಮೂರು ವರ್ಷ ಕಾಯಬೇಕು. ಈ ಲೆಕ್ಕ ತಿಳಿಯದೆ, ಬರ ಕಳೆದ ಮೇಲೆ ಬರಡು ಎಂದು ಕಡಿಸಿದ ಮರಗಳು ನಮ್ಮ ಸೀಮೆಯಲ್ಲಿ ಎಷ್ಟೋ! ನನ್ನ ಮರಗಳು ೨೦೨೨ರ ಕೊನೆಯ ಹೊತ್ತಿಗೆ ಹಿಂದಿನ ಫಸಲಿಗೆ ಬಂದುವು.

ಇನ್ನು ನೀರಿನ ಲೆಕ್ಕ. ಇದನ್ನು ನಾನು ಶಾಲೆಯ ಮಕ್ಕಳಿಂದ ಕಪ್ಪುಹಲಗೆಯ ಮೇಲೆ ಮಾಡಿಸಿದ್ದೇನೆ; ನೀವೂ ಒಂದು ಚೀಟಿಯಲ್ಲಿ ಮಾಡಿ ನೋಡಬಹುದು. ಒಂಬತ್ತು ಮೀಟರ್ ಅಂತರದಲ್ಲಿ ನೆಟ್ಟರೆ ಎಕರೆಗೆ ೫೦ ತೆಂಗು. ಹನಿ ನೀರಾವರಿಯಲ್ಲಿ ಮರಕ್ಕೆ ದಿನಕ್ಕೆ ೬೦ ಲೀಟರ್ ಎಂದಿಟ್ಟುಕೊಂಡರೆ ಎಕರೆಗೆ ೩೦೦೦ ಲೀಟರ್. ಜನವರಿಯಿಂದ ಮೇವರೆಗೆ ೧೫೦ ದಿನಕ್ಕೆ ನಾಲ್ಕೂವರೆ ಲಕ್ಷ ಲೀಟರ್. ಅಡಿಕೆಯನ್ನು ಒಂಬತ್ತು ಅಡಿಗೊಂದರಂತೆ ನೆಟ್ಟರೆ ಎಕರೆಗೆ ಸುಮಾರು ೫೫೦ ಗಿಡ. ಗಿಡಕ್ಕೆ ೧೮ ಲೀಟರ್ ಎಂದರೂ ದಿನಕ್ಕೆ ಹತ್ತು ಸಾವಿರ, ೧೫೦ ದಿನಕ್ಕೆ ಹದಿನೈದು ಲಕ್ಷ ಲೀಟರ್. ಇನ್ನು ಆಕಾಶ ಕೊಡುವುದೆಷ್ಟು? ೬೦೦ ಮಿಲಿಮೀಟರ್ ಮಳೆ ಒಂದು ಎಕರೆಯ ಮೇಲೆ ಬಿದ್ದರೆ ಸುಮಾರು ೨೪ ಲಕ್ಷ ಲೀಟರ್ ಆಗುತ್ತದೆ.

ಈ ಮೂರು ಅಂಕಿಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿರಿ. ತೆಂಗಿನ ತೋಟದ ಬೇಸಗೆಯ ಬೇಡಿಕೆ ತನ್ನದೇ ನೆಲದ ಮೇಲೆ ಬಿದ್ದ ಮಳೆಯ ಐದನೆಯ ಒಂದು ಪಾಲಿಗೂ ಕಡಿಮೆ. ಅಡಿಕೆಯ ಬೇಡಿಕೆ ಅರ್ಧಕ್ಕಿಂತ ಹೆಚ್ಚು. ಬಿಸಿಲಿಗೆ ಆರುವುದು, ಹರಿದುಹೋಗುವುದು, ಮಳೆಗಾಲದಲ್ಲಿ ಮರವೇ ಕುಡಿಯುವುದು ಇವೆಲ್ಲ ಕಳೆದು ಬಿದ್ದ ಮಳೆಯಲ್ಲಿ ಅರ್ಧವನ್ನು ಯಾರೂ ಕೂಡಿಡಲಾರರು. ಆದರೆ ಐದನೆಯ ಒಂದು ಪಾಲನ್ನು ಹಿಡಿಯಲು ಯತ್ನಿಸಬಹುದು. ಸ್ವಂತ ನೆಲದ ಮಳೆಯನ್ನು ಮೀರಿ ಕುಡಿಯುವ ಬೆಳೆ ನೆರೆಯವನ ಬಾವಿಯ ನೀರನ್ನೋ ಮೊಮ್ಮಕ್ಕಳ ಕಾಲದ ನೀರನ್ನೋ ಕುಡಿಯುತ್ತದೆ. ಅಡಿಕೆ ಬೆಳೆಯುವವರನ್ನು ದೂರುವುದು ನನ್ನ ಉದ್ದೇಶವಲ್ಲ, ನಾನೂ ಬೆಳೆದವನೇ. ಕೆರೆಯ ಕೆಳಗೆ, ನಂಬಿಕೆಯ ನೀರಿರುವ ಕಡೆ ಅಡಿಕೆ ಆಗಲಿ. ಅಲ್ಲಿಯೂ ಪಡುವಣ ಮತ್ತು ತೆಂಕಣ ದಿಕ್ಕಿಗೆ ನೆರಳಿನ ಮರಗಳಿರಲಿ. ಅಡಿಕೆಯ ಎಳೆಯ ಕಾಂಡ ಇಳಿಬಿಸಿಲಿಗೆ ಸುಟ್ಟು ಸೀಳುತ್ತದೆ. ಬೆದ್ದಲು ನೆಲದಲ್ಲಿ ಕೊಳವೆಬಾವಿಯೊಂದನ್ನೇ ನಂಬಿ ಹಾಕುವ ಮುನ್ನ ಈ ಲೆಕ್ಕವನ್ನು ಮಾಡಿ ನೋಡಿರಿ ಎಂಬುದಷ್ಟೇ ನನ್ನ ಬಿನ್ನಹ.

ಹಾಗಾದರೆ ಆ ಐದನೆಯ ಒಂದು ಪಾಲನ್ನು ಹಿಡಿಯುವುದು ಹೇಗೆ? ಇದಕ್ಕೆ ಹೊಸ ವಿದ್ಯೆಯೂ ಉಂಟು, ಹಳೆಯ ವಿದ್ಯೆಯೂ ಉಂಟು. ಎರಡೂ ಒಂದನ್ನೊಂದು ಒಪ್ಪುತ್ತವೆ.

ಮೊದಲನೆಯದು, ತಳಿ ಮತ್ತು ಸಸಿ. ನಮ್ಮ ಸೀಮೆಗೆ ತಿಪಟೂರು ಕಡೆಯ ಎತ್ತರದ ತಳಿಯೇ ಹೊಂದುತ್ತದೆ. ಕುಳ್ಳ ತಳಿಗಳು ಬೇಗ ಫಲ ಕೊಡುತ್ತವೆ, ಎಳನೀರಿಗೂ ಚೆನ್ನ. ಆದರೆ ಬರವನ್ನು ತಾಳವು. ಎತ್ತರದ ತಳಿಗೂ ಕುಳ್ಳ ತಳಿಗೂ ಸಂಕರ ಮಾಡುವ ವಿದ್ಯೆ ಹುಟ್ಟಿದ್ದು ಅಂದಿನ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದ ನೀಲೇಶ್ವರದಲ್ಲಿ, ೧೯೩೨ರಲ್ಲಿ. ಅಂಥ ಸಂಕರ ತಳಿಗಳನ್ನು ನೀರು ನಿಶ್ಚಯವಾಗಿರುವವರು ನೆಡಲಿ. ಬೀಜದ ಕಾಯನ್ನು ಮನೆಯ ತೋಟದಲ್ಲಿಯೇ ಆರಿಸಬಹುದು: ಹರೆಯ ಕಳೆಯದ, ವರ್ಷಕ್ಕೆ ಎಂಬತ್ತಕ್ಕೆ ಮೇಲೆ ಕಾಯಿ ಕೊಡುವ, ತಲೆ ದುಂಡಗೆ ಗರಿ ತುಂಬಿದ, ಗೊನೆಯ ತೊಟ್ಟು ಗಿಡ್ಡವಾಗಿ ಗಟ್ಟಿಯಾಗಿರುವ ಮರದ ಪೂರ್ತಿ ಬಲಿತ ಕಾಯಿ. ಬರದ ವರ್ಷದಲ್ಲಿಯೂ ಕೈಬಿಡದ ಮರವನ್ನು ಗುರುತಿಟ್ಟುಕೊಂಡು ಅದರ ಕಾಯನ್ನೇ ಬೀಜಕ್ಕೆ ಇಡುವುದು ಉತ್ತಮ. ಒಂಬತ್ತು ತಿಂಗಳಿನಿಂದ ಒಂದು ವರ್ಷದೊಳಗಿನ, ಬುಡ ದಪ್ಪನಾದ ಸಸಿಯನ್ನು ನೆಡಬೇಕು.

ಎರಡನೆಯದು, ಗುಂಡಿ. ಮೂರು ಅಡಿ ಉದ್ದ, ಮೂರು ಅಡಿ ಅಗಲ, ಮೂರು ಅಡಿ ಆಳ. ಕಲ್ಲುನೆಲವಾದರೆ ನಾಲ್ಕು ಅಡಿ. ತಳದಲ್ಲಿ ಎರಡು ಪದರ ತೆಂಗಿನ ಸಿಪ್ಪೆಯನ್ನು ಒಳಮೈ ಮೇಲಾಗುವಂತೆ ಹಾಸಿ ಮಣ್ಣು ಹಾಕಬೇಕು. ಸಸಿಯನ್ನು ಗುಂಡಿಯ ತಗ್ಗಿನಲ್ಲಿಯೇ ನೆಟ್ಟು, ಅದು ಬೆಳೆದಂತೆಲ್ಲ ಮಣ್ಣು, ಗೊಬ್ಬರ, ಕೆರೆಗೋಡುಗಳನ್ನು ತುಂಬುತ್ತ ಬರಬೇಕು. ಮೇಲೆಯೇ ನೆಟ್ಟ ತೆಂಗಿನ ಬೇರು ಮೇಲೆಯೇ ಉಳಿದು ಬಿಸಿಲಿಗೆ ಬೇಯುತ್ತದೆ.

ಮೂರನೆಯದು, ತೆಂಗಿನ ಸಿಪ್ಪೆ. ಇದು ನೀರಿನ ತಿಜೋರಿ. ತನ್ನ ತೂಕದ ಮೂರರಿಂದ ಐದು ಪಾಲು ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ. ಮಣ್ಣಿನೊಳಗೆ ಐದಾರು ವರ್ಷ ಕರಗದೆ ಇರುತ್ತದೆ. ಬುಡದಿಂದ ಆರು ಅಡಿ ಆಚೆ ಮರದ ಸುತ್ತ ಒಂದೂವರೆ ಅಡಿ ಆಳದ ಚರಂಡಿ ತೆಗೆದು, ಸಿಪ್ಪೆಯನ್ನು ಪದರಪದರವಾಗಿ ಜೋಡಿಸಿ, ಮಣ್ಣು ಮುಚ್ಚಬೇಕು. ಮುಂಗಾರಿಗೆ ಮೊದಲೇ ಮಾಡಿದರೆ ಮೊದಲ ಮಳೆಯಿಂದಲೇ ಕುಡಿಯತೊಡಗುತ್ತದೆ. ತೆಂಗಿಗೆ ಬೇಕಾದ ಸಾರಗಳಲ್ಲಿ ಪೊಟ್ಯಾಷ್ ಮೊದಲನೆಯದು. ಬರವನ್ನು ತಾಳಲು ಮರಕ್ಕೆ ಅದೇ ಬಲ. ಸಿಪ್ಪೆಯಲ್ಲಿ ಅದು ಧಾರಾಳವಾಗಿದೆ. ನಮ್ಮೂರುಗಳಲ್ಲಿ ಕಾಯಿ ಸುಲಿದ ಸಿಪ್ಪೆಯನ್ನು ಒಲೆಗೆ ಹಾಕುತ್ತೇವೆ, ಇಲ್ಲವೆ ಲಾರಿಗೆ ತುಂಬಿ ಕಳುಹಿಸುತ್ತೇವೆ. ಆಮೇಲೆ ಪೇಟೆಯಿಂದ ಪೊಟ್ಯಾಷ್ ಕೊಂಡು ತರುತ್ತೇವೆ! ಮರ ಕೊಟ್ಟದ್ದರಲ್ಲಿ ಒಂದು ಪಾಲನ್ನಾದರೂ ಮರದ ಬುಡಕ್ಕೆ ಹಿಂದಿರುಗಿಸುವುದು ನ್ಯಾಯ.

ನಾಲ್ಕನೆಯದು, ಹೊದಿಕೆ. ಬಿದ್ದ ಗರಿಗಳನ್ನು ತುಂಡರಿಸಿ ಪಾತಿಯ ಮೇಲೆ ಹಾಸಬೇಕು; ಮರವೊಂದಕ್ಕೆ ಹತ್ತು ಹದಿನೈದು ಗರಿ ಬೇಕು. ಹಿಂಗಾರು ಮುಗಿಯುತ್ತಿದ್ದಂತೆ, ತೇವ ಇರುವಾಗಲೇ ಹಾಸಬೇಕು. ಮುಂಗಾರಿನಲ್ಲಿ ಸೆಣಬನ್ನೋ ಹುರುಳಿಯನ್ನೋ ಬಿತ್ತಿ ಹೂ ಬರುವ ಹೊತ್ತಿಗೆ ಮಣ್ಣಿಗೆ ಸೇರಿಸಿದರೆ ಮಣ್ಣಿಗೆ ನೀರು ಹಿಡಿಯುವ ಗುಣ ಬರುತ್ತದೆ. ಆದರೆ ತೋಟದಲ್ಲಿ ಆಳವಾದ ಉಳುಮೆ ಕೂಡದು. ಟ್ರಾಕ್ಟರಿನ ನೇಗಿಲು ಬುಡದವರೆಗೆ ಹೋದರೆ ಬೇರುಗಳು ಕತ್ತರಿಸಿ ಹೋಗುತ್ತವೆ. ತಾಯಿಬೇರಿಲ್ಲದ ಮರಕ್ಕೆ ಅವೇ ಸರ್ವಸ್ವ. ಗಾಯಗೊಂಡ ಬೇರು, ಒಣಗಿ ಸೊರಗಿದ ಮರ, ಇವು ಅಣಬೆರೋಗಕ್ಕೆ ಬಾಗಿಲು ತೆರೆದ ಹಾಗೆ. ಮಳೆಗಾಲದಲ್ಲಿ ಸತ್ತ ಮರದ ಬುಡದಲ್ಲಿ ಅಣಬೆ ಏಳುವುದರಿಂದ ನಮ್ಮ ರೈತರು ಇಟ್ಟ ಆ ಹೆಸರನ್ನು ವಿಜ್ಞಾನಿಗಳೂ ತಮ್ಮ ಗ್ರಂಥಗಳಲ್ಲಿ ಹಾಗೆಯೇ ಬಳಸಿದ್ದಾರೆ.

ಐದನೆಯದು, ಬದು ಮತ್ತು ಬೇಲಿ. ಇಳಿಜಾರಿಗೆ ಅಡ್ಡವಾಗಿ ಬದು, ಎರಡು ಸಾಲಿನ ನಡುವೆ ಇಂಗುಗುಂಡಿ ಇವುಗಳಿದ್ದರೆ ಹೊಲದ ನೀರು ಹೊಲದಲ್ಲಿಯೇ ನಿಲ್ಲುತ್ತದೆ. ಗಾಳಿ ಬೀಸುವ ಪಡುವಣ ಅಂಚಿನಲ್ಲಿ ಹೊಂಗೆ, ಬೇವು, ಹಲಸು, ಗೊಬ್ಬರದ ಗಿಡಗಳನ್ನು ಒತ್ತಾಗಿ ಬೆಳೆಸಿದರೆ ತೋಟದ ಒಳಗಿನ ಗಾಳಿ ತಂಪಾಗಿರುತ್ತದೆ, ಸೊಪ್ಪೂ ದೊರೆಯುತ್ತದೆ.

ಕಡೆಯದು, ನೀರು ಕೊಡುವ ಬಗೆ. ಇರುವ ನೀರು ಅಲ್ಪವಾದರೆ ಕಾಂಡದಿಂದ ಮೂರು ಅಡಿ ದೂರದಲ್ಲಿ, ನಾಲ್ಕು ಕಡೆ, ಹೊದಿಕೆಯ ಕೆಳಗೆ ಹನಿಯಾಗಿ ಕೊಡಬೇಕು. ಹನಿಕೊಳವೆ ಇಲ್ಲದವರಿಗೆ ನಮ್ಮ ತಂದೆಯವರ ಮಡಕೆಯೇ ಸಾಕು. ಎಲ್ಲ ಮರಗಳಿಗೂ ನೀರು ಸಾಲದಿದ್ದರೆ? ಇದು ಕಠಿಣವಾದ ಪ್ರಶ್ನೆ. ಎಲ್ಲಕ್ಕೂ ಚೂರುಚೂರು ಕೊಟ್ಟು ಎಲ್ಲವನ್ನೂ ಕಳೆದುಕೊಳ್ಳುವುದಕ್ಕಿಂತ, ಮುಪ್ಪಿನವನ್ನೂ ರೋಗದವನ್ನೂ ಬಿಟ್ಟು, ಹರೆಯದ ಮರಗಳನ್ನು ಉಳಿಸಿಕೊಳ್ಳುವುದು ಮೇಲು. ಒಣಗಿದ ಕೆಳಗಿನ ಗರಿಗಳನ್ನು ತೆಗೆದು ಮರದ ಭಾರವನ್ನು ಇಳಿಸಬೇಕು. ಈ ತೀರ್ಮಾನವನ್ನು ಮಾಘಮಾಸದಲ್ಲಿ ಮಾಡಬೇಕು. ಚೈತ್ರದಲ್ಲಿ ಗರಿ ಜೋತುಬಿದ್ದ ಮೇಲೆ ಮಾಡಿದರೆ ಹೊತ್ತು ಮೀರಿರುತ್ತದೆ. ನಾನು ೨೦೧೭ರಲ್ಲಿ ಮಾಡಿದ ತಪ್ಪು ಇದೇ: ಯಾವುದು ತಾಳುತ್ತದೆಯೋ ಅದನ್ನು ಅಲಕ್ಷ್ಯ ಮಾಡಿದೆ.

೨೦೨೩ರಲ್ಲಿ ಮತ್ತೆ ಮಳೆ ಕೈಕೊಟ್ಟಿತು. ರಾಜ್ಯದ ೨೩೬ ತಾಲ್ಲೂಕುಗಳಲ್ಲಿ ೨೨೩ನ್ನು ಬರಪೀಡಿತವೆಂದು ಸರ್ಕಾರ ಸಾರಿತು. ಅಷ್ಟರಲ್ಲಿ ನಾನು ಮೂರು ಬೇಸಗೆಯ ರಜೆಯಲ್ಲಿ ಇಪ್ಪತ್ತಾರು ಮರಗಳಿಗೂ ಸಿಪ್ಪೆಯ ಚರಂಡಿ ಮಾಡಿಸಿ, ಇಂಗುಗುಂಡಿ ತೆಗೆಸಿ, ಗರಿ ಹೊದಿಸಿದ್ದೆ. ೨೦೨೪ರ ಬೇಸಗೆಯಲ್ಲಿ ವಾರಕ್ಕೊಮ್ಮೆ ಮಾತ್ರ ನೀರು ಕೊಡಲು ಸಾಧ್ಯವಾಯಿತು. ಹರಳು ಉದುರಿತು, ಕಾಯಿ ಕಡಿಮೆಯಾಯಿತು. ಆದರೆ ಒಂದು ಮರವೂ ಹೋಗಲಿಲ್ಲ. ಅದು ಚರಂಡಿಯ ಫಲವೋ, ೨೦೨೨ರ ಮಳೆಯ ತೇವ ನೆಲದಲ್ಲಿ ಉಳಿದಿದ್ದುದರ ಫಲವೋ ಬಿಡಿಸಿ ಹೇಳುವ ಪಾಂಡಿತ್ಯ ನನಗಿಲ್ಲ. ಎರಡೂ ಸೇರಿರಬಹುದು. ಆದರೆ ಮಳೆ ನನ್ನ ಕೈಯಲ್ಲಿಲ್ಲ. ಚರಂಡಿ ನನ್ನ ಕೈಯಲ್ಲಿದೆ.

ಮಕ್ಕಳು ಕೈಬಿಟ್ಟರೂ ತೆಂಗು ಕೈಬಿಡದು ಎಂಬ ಗಾದೆಯನ್ನು ನಾವೆಲ್ಲ ಕೇಳಿದ್ದೇವೆ. ಗಾದೆ ಸುಳ್ಳಲ್ಲ. ಆದರೆ ಅದಕ್ಕೆ ಇನ್ನೊಂದು ಮಗ್ಗುಲಿದೆ. ತಂದೆಯವರ ಕಾಲಾನಂತರ ನನ್ನ ಮಗ, ಪಟ್ಟಣದಲ್ಲಿ ಕೆಲಸದಲ್ಲಿರುವವನು, ಊರಿಗೆ ಬಂದಾಗ ಹದಿನಾಲ್ಕು ಖಾಲಿ ಪಾತಿಗಳನ್ನು ನೋಡಿ, “ಅಪ್ಪಾ, ಇಲ್ಲಿ ಮತ್ತೆ ಏನು ಹಾಕುತ್ತೀರಿ?” ಎಂದು ಕೇಳಿದ. ತೆಂಗನ್ನೇ ಹಾಕುತ್ತೇನೆ, ಆದರೆ ಹದಿನಾಲ್ಕಲ್ಲ, ನಮ್ಮ ಹೊಲದ ಮಳೆಗೆ ತಡೆಯುವಷ್ಟು, ಎಂಟು ಎಂದೆ. ತಾತ ಬರದಲ್ಲಿಯೂ ನಂಬಿದ್ದ ಮರದಿಂದ ಇಳಿಸಿದ ಕಾಯಿಗಳನ್ನು ಮರಳಿನಲ್ಲಿ ಮೊಳೆಯಲು ಇಟ್ಟಿದ್ದೆವು. ಕಳೆದ ಮುಂಗಾರಿನಲ್ಲಿ ಅವನೇ ರಜೆ ಹಾಕಿ ಬಂದು ಗುಂಡಿಗೆ ಸಿಪ್ಪೆ ಜೋಡಿಸಿದ. ಎಂಟು ಸಸಿಗಳ ಪಕ್ಕದಲ್ಲಿಯೂ ಒಂದೊಂದು ಮಡಕೆ ಹೂತಿದ್ದೇವೆ.

ನಿಮ್ಮಲ್ಲಿಯೂ ತೋಟವಿದ್ದರೆ, ಈ ಸಲ ಕಾಯಿ ಸುಲಿದ ಮೇಲೆ ಸಿಪ್ಪೆಯನ್ನು ಮಾರಬೇಡಿರಿ. ಮುಂಗಾರಿಗೆ ಮುಂಚೆ ಎರಡು ಮರಕ್ಕಾದರೂ ಚರಂಡಿ ತೆಗೆದು ಹೂತು, ಮೂರು ವರ್ಷ ಎಂಟು ತಿಂಗಳು ಕಾದು, ಪಕ್ಕದ ಮರದೊಡನೆ ಹೋಲಿಸಿ ನೋಡಿರಿ.